ಟವೆಲ್ ಕೆಳಗಿನ ಡ್ರಾ

ಚಳ್ಳಕೆರೆಯ ಮಂಡಿಯಲ್ಲಿ ಯಾರನ್ನಾದರೂ 'ಮಾತಿಗೆ ತಪ್ಪದ ಮನುಷ್ಯ' ಎಂದು ಹೊಗಳುವುದು ಕಿವಿಗೆ ಬಿದ್ದರೆ ಇವತ್ತಿಗೂ ನಾನು ಅಲ್ಲಿಂದ ಎದ್ದು ಬರುತ್ತೇನೆ. ನನ್ನ ಕಣ್ಣೆದುರೇ ಆ ಹೊಗಳಿಕೆ ಗಳಿಸಿದವರು ಕೆಟ್ಟವರೇನಲ್ಲ, ಅದೇ ಸಂಕಟ. ಅವರು ನನ್ನ ಅಕ್ಕನ ಗಂಡನ ಅಣ್ಣ. ಶೇಂಗಾ ಮಂಡಿಯ ಹಳೆಯ ವರ್ತಕರು, ಒಂದು ಎಣ್ಣೆ ಮಿಲ್ಲಿನ ಒಡೆಯರು, ಮನೆಗೆ ಬಂದವರಿಗೆ ತಾವೇ ನಿಂತು ತುಪ್ಪ ಬಡಿಸುವವರು. ಊರೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿತ್ತು. ನಾನು ಮೊಳಕಾಲ್ಮೂರಿನಿಂದ ಹೋದಾಗಲೆಲ್ಲ ಬಾಗಿಲಲ್ಲೇ ಹಿಡಿದು ರೇಗಿಸುತ್ತಿದ್ದರು.

"ಏನ್ಲೇ ಮೊಳಕಾಲ್ಮೂರು, ಸೀರೆ ಎಲ್ಲಾ ಮಾರಿ ಬಂದ್ಯಾ, ಇಲ್ಲಾ ಮಿಕ್ಕಿದ್ದು ಉಟ್ಕೊಂಡು ಬಂದ್ಯಾ?"

ನಾನು ನಗುತ್ತಿದ್ದೆ. ಹೆಣ್ಣು ಕೊಟ್ಟ ಮನೆಯಲ್ಲಿ ನಗುವುದೊಂದು ಬಿಟ್ಟರೆ ತವರಿನವರಿಗೆ ಬೇರೆ ಹಕ್ಕೆಲ್ಲಿದೆ?

ಅಕ್ಕನ ಮಗಳಿಗೆ ಚದುರಂಗದ ಹುಚ್ಚು ಹತ್ತಿಸಿದವನು ನಾನೇ. ಬೇಸಿಗೆ ರಜೆಗೆ ಅವಳು ನಮ್ಮೂರಿಗೆ ಬರುತ್ತಿದ್ದಳು. ಮಧ್ಯಾಹ್ನದ ಬಿಸಿಲಿಗೆ ನನ್ನ ಸೀರೆ ಅಂಗಡಿಗೆ ನೊಣ ಕೂಡ ಬರುತ್ತಿರಲಿಲ್ಲ. ಗದ್ದುಗೆಯ ಮೇಲೆ ಮಣೆ ಹಾಸಿಕೊಂಡು ಇಬ್ಬರೂ ಕೂರುತ್ತಿದ್ದೆವು. ನಮ್ಮಜ್ಜ ನನಗೆ ಕಲಿಸಿದ ಆಟ ಅದು. ಅಜ್ಜ ಆಟದ ಜೊತೆಗೆ ಬೈಗುಳವನ್ನೂ ಕಲಿಸಿದ್ದ. "ಮಂತ್ರಿ ಹಿಡ್ಕೊಂಡು ಮದುವೆಗೆ ಹೊಂಟಂಗೆ ಹೊಂಟ್ಯಲ್ಲೋ" ಎನ್ನುತ್ತಿದ್ದ, ನಾನು ರಾಣಿಯನ್ನು ಬೇಗ ಹೊರಗೆ ತಂದರೆ. ನಮ್ಮ ಕಡೆ ರಾಣಿಗೆ ಮಂತ್ರಿ ಎಂದೇ ಹೆಸರು. ಹುಡುಗಿ ಬೈಗುಳವನ್ನು ಬಿಟ್ಟು ಆಟವನ್ನಷ್ಟೇ ತೆಗೆದುಕೊಂಡಳು. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ನಾನು ಸೋಲುತ್ತಿದ್ದೆ. ಆಮೇಲೆ ಸೋಲುವುದಕ್ಕೂ ಲಾಯಕ್ಕಿಲ್ಲದವನಾದೆ. ಅವಳು ಎದುರಿಗೆ ಪುಸ್ತಕ ಇಟ್ಟುಕೊಂಡು ತಾನೇ ಕಪ್ಪು, ತಾನೇ ಬಿಳಿ ಆಡುತ್ತಿದ್ದಳು. ನಾನು ಟೀ ತರಿಸುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಲೇಜಿಗೆ ಹೋಗುತ್ತಿದ್ದ ಹುಡುಗಿಗೆ ಅದು ಜೂನಿಯರ್ ವಯಸ್ಸಿನ ಕಡೆಯ ವರ್ಷ. ದೇಶದ ಆಯ್ದ ಜೂನಿಯರ್ ಆಟಗಾರ್ತಿಯರಿಗೆಂದು ಒಂದು ರಾಷ್ಟ್ರೀಯ ಪಂದ್ಯಾವಳಿ ನಡೆಯುತ್ತಿತ್ತು. ಅರ್ಜಿ ಹಾಕಿ ಹೋಗುವಂಥದ್ದಲ್ಲ ಅದು, ಕರೆದರೆ ಮಾತ್ರ ಹೋಗಬೇಕು. ನಮ್ಮ ರಾಜ್ಯದಿಂದ ಇಬ್ಬರು ಹುಡುಗಿಯರಿಗೆ ಕರೆ. ಆ ಇಬ್ಬರು ಯಾರು ಎಂದು ತೀರ್ಮಾನಿಸುವ ಆಯ್ಕೆ ಪಂದ್ಯಗಳು ಆ ಸಲ ಚಳ್ಳಕೆರೆಯಲ್ಲೇ ನಡೆದವು. ನಡೆಸಿದವರು ನಮ್ಮ ಸಾವ್ಕಾರ್ರು. ಕಲ್ಯಾಣ ಮಂಟಪ ಕೊಡಿಸಿದರು, ಮೇಜು ಕುರ್ಚಿ ತರಿಸಿದರು, ಊಟಕ್ಕೆ ಭಟ್ಟರನ್ನು ಹಿಡಿದರು. ಅಷ್ಟು ಮಾಡಿದವರನ್ನು ಅಧ್ಯಕ್ಷರನ್ನಾಗಿ ಮಾಡದಿದ್ದರೆ ಹೇಗೆ? ಮಾಡಿದರು.

ಉದ್ಘಾಟನೆಯಲ್ಲಿ ಮೊದಲ ನಡೆ ಅವರೇ ಆಡಬೇಕಿತ್ತು. ಹೂವಿನ ಹಾರದ ಭಾರಕ್ಕೆ ಬಗ್ಗಿ, ರಾಜನನ್ನೇ ಹಿಡಿದೆತ್ತಿ, ಎದುರಿನ ಕಾಲಾಳುಗಳನ್ನು ದಾಟಿಸಿ ಮಣೆಯ ನಟ್ಟ ನಡುವೆ ಇಟ್ಟರು. ಚಪ್ಪಾಳೆ ಬಿತ್ತು, ಫೋಟೋ ಹೊಡೆದರು. ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರರು ಕನ್ನಡಕ ತೆಗೆದು ಒರೆಸಿಕೊಂಡರು.

"ದೊಡ್ಡಪ್ಪ, ರಾಜ ಹಂಗೆ ಹಾರಂಗಿಲ್ಲ" ಎಂದಳು ನಮ್ಮ ಹುಡುಗಿ ಮೆಲ್ಲಗೆ.

"ರಾಜ ಅಂದ್ಮೇಲೆ ಅವ್ನ್ ಇಷ್ಟ ಕಣವ್ವಾ. ಅವ್ನಿಗ್ಯಾರು ಕೇಳೋರು?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊರಗಿನಿಂದ ಬಂದ ಮಕ್ಕಳನ್ನು ಲಾಡ್ಜಿನಲ್ಲಿ ಇಳಿಸಿದರೆ ಊರಿಗೆ ಅವಮಾನ ಎಂದು ಮನೆಮನೆಗೆ ಹಂಚಿದರು. ಸಾವ್ಕಾರ್ರ ಪಾಲಿಗೆ ಬಳ್ಳಾರಿಯ ಹುಡುಗಿಯೊಬ್ಬಳು, ಅವಳ ತಾಯಿ. ತಾಯಿ ಪ್ರೈಮರಿ ಶಾಲೆಯ ಮೇಡಂ, ಅರ್ಧ ತೆಲುಗು ಅರ್ಧ ಕನ್ನಡ. ಬಂದ ದಿನವೇ ಸೆರಗು ಸಿಕ್ಕಿಸಿ ಅಕ್ಕನ ಜೊತೆ ರೊಟ್ಟಿ ತಟ್ಟಲು ಕೂತರು. "ಸುಮ್ನೆ ಕುಂತ್ಕಳ್ರೀ ಮೇಡಂ" ಎಂದರೆ "ಕೂತ್ರೆ ಕೈ ನೋಯ್ತದಮ್ಮಾ" ಎನ್ನುತ್ತಿದ್ದರು. ಹುಡುಗಿಯರಿಬ್ಬರೂ ಒಂದೇ ಚಾಪೆ. ಹಗಲು ಬೇರೆ ಬೇರೆ ಮೇಜಿನಲ್ಲಿ ಆಡಿ ಬಂದು, ಸಂಜೆ ಹಜಾರದಲ್ಲಿ ಮತ್ತೆ ಮಣೆ ಹಾಸುತ್ತಿದ್ದರು.

"ನಿನ್ ಕುದ್ರಿಗೆ ಕಣ್ ಕಾಣಲ್ಲೇನೇ? ಮೂಲಿಗೆ ಹೋಗಿ ನಿಂತೈತೆ."

"ನಿಮ್ಮೂರ್ ಬಿಸ್ಲಿಗೆ ನೆಳ್ಳು ಹುಡುಕ್ಕೊಂಡು ಹೋಗೈತೆ ಬಿಡು. ನಿನ್ ಒಂಟೆ ನೋಡ್ಕೋ, ಹಿಂಡಿ ತಿಂದು ಮಲಗ್ಯಾವೆ."

ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯ ವಾಸನೆ ಆ ಮನೆಯ ಗೋಡೆಗೂ ಹಿಡಿದಿತ್ತು. ಬಳ್ಳಾರಿ ಹುಡುಗಿಗೆ ಅದನ್ನು ಕಂಡರೆ ತಮಾಷೆ. ಸಾವ್ಕಾರ್ರು ಇಬ್ಬರ ತಟ್ಟೆಗೂ ಸಮ ತುಪ್ಪ ಸುರಿದು, "ಉಣ್ರವ್ವಾ, ಬುದ್ಧಿ ಚುರುಕಾಗ್ತೈತೆ" ಎನ್ನುತ್ತಿದ್ದರು. ಆ ಪ್ರೀತಿ ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ.

ಕಡೆಯ ಸುತ್ತಿನ ಹಿಂದಿನ ದಿನಕ್ಕೆ ಲೆಕ್ಕ ಹೀಗೆ ಬಂದು ನಿಂತಿತು. ನಮ್ಮ ಹುಡುಗಿ ಮತ್ತು ಎಣ್ಣೆ ವ್ಯಾಪಾರಿಯೊಬ್ಬರ ಮಗಳು ಸಮಸಮ, ಎಲ್ಲರಿಗಿಂತ ಮುಂದೆ. ಅವರ ಹಿಂದೆಯೇ ಬಳ್ಳಾರಿ ಹುಡುಗಿ. ಕಡೆಯ ಸುತ್ತಿನಲ್ಲಿ ಮುಂದಿನ ಇಬ್ಬರೇ ಎದುರುಬದುರು. ಅವರಿಬ್ಬರೂ ಡ್ರಾ ಮಾಡಿಕೊಂಡರೆ ಇಬ್ಬರಿಗೂ ಕರೆ ಖಾತ್ರಿ, ಬಳ್ಳಾರಿ ಹುಡುಗಿ ತನ್ನ ಆಟ ಗೆದ್ದರೂ ಮನೆಗೆ. ನಿಜವಾಗಿ ಆಡಿ ಒಬ್ಬಳು ಸೋತರೆ, ಸೋತವಳ ಜಾಗಕ್ಕೆ ಬಳ್ಳಾರಿ ಹುಡುಗಿ ಬರುವ ದಾರಿ ಇತ್ತು.

ಆ ಎಣ್ಣೆ ವ್ಯಾಪಾರಿ ಸಾವ್ಕಾರ್ರ ಮಿಲ್ಲಿನ ಹಳೆಯ ಗಿರಾಕಿ. ಮಧ್ಯಾಹ್ನ ಊಟವಾದ ಮೇಲೆ ನಾನು ಮಂಟಪದ ಹಿಂದೆ ಎಲೆಅಡಿಕೆ ಉಗಿಯಲು ಹೋದೆ. ಸೌದೆ ರಾಶಿಯ ಹತ್ತಿರ ಇಬ್ಬರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ನಡುವೆ ಸಾವ್ಕಾರ್ರ ಹೆಗಲ ಮೇಲಿನ ಟವೆಲ್ ಹಾಸಿತ್ತು. ಅದರ ಕೆಳಗೆ ಇಬ್ಬರ ಬಲಗೈ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ದನದ ಸಂತೆಯಲ್ಲಿ ಹಾಗೆಯೇ ವ್ಯಾಪಾರ. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು, ಗೆಣ್ಣು ಅದುಮಿ ಹೇಳುತ್ತಾರೆ. ಸುತ್ತ ನಿಂತವರಿಗೆ ತಿಳಿಯಬಾರದು. ಶೇಂಗಾಕ್ಕೆ ಬಹಿರಂಗ ಹರಾಜು ಬಂದ ಮೇಲೂ ಹಳೆಯ ವರ್ತಕರು ತಮ್ಮತಮ್ಮಲ್ಲಿ ಈ ಪದ್ಧತಿ ಬಿಟ್ಟಿರಲಿಲ್ಲ. ಟವೆಲ್ ಎತ್ತಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಕಾಗದದ ಮೇಲೆ ರುಜು ಹಾಕಿ ತಪ್ಪಿದವನ ಜೊತೆಗಾದರೂ ವ್ಯವಹಾರ ಮಾಡುತ್ತಾರೆ, ಟವೆಲ್ ಕೆಳಗೆ ಕೊಟ್ಟ ಮಾತಿಗೆ ತಪ್ಪಿದವನಿಗೆ ಮಂಡಿಯಲ್ಲಿ ಟೀ ಕೂಡ ಹುಟ್ಟುವುದಿಲ್ಲ.

ಶೇಂಗಾದ ಸುಗ್ಗಿಯಲ್ಲದ ಕಾಲ. ಇವರದೇನು ಚೌಕಾಸಿ ಎಂದು ನಿಂತು ನೋಡಿದೆ. ಎಣ್ಣೆ ವ್ಯಾಪಾರಿ ತಲೆ ಅಲ್ಲಾಡಿಸಿದರು. ಸಾವ್ಕಾರ್ರು ಮತ್ತೆ ಬೆರಳು ಅದುಮಿದರು. ಅವರ ಮುಖದಲ್ಲಿ ಆ ಸಂತೆಯ ಹಳೇ ನಗು. ಟವೆಲ್ ಎತ್ತಿ ಕೊಡವಿದರು.

"ಏನಣ್ಣಾ, ಏನ್ ಕುದುರ್ತು?" ಎಂದೆ.

"ಇಪ್ಪತ್ತು" ಎಂದರು.

"ಏನು ಇಪ್ಪತ್ತು?"

"ನಡೆ ಕಣೋ. ಇಪ್ಪತ್ತು ನಡೆ ಆಡಿ ಡ್ರಾ ಅಂತ ಕೈ ಕೊಟ್ಕೊಳ್ಳೋದು. ನಾನು ಹತ್ತು ಅಂದೆ. ಅಷ್ಟು ಬೇಗ ಮುಗುಸಿದ್ರೆ ಆ ಕನ್ನಡಕದೋನಿಗೆ ಅನುಮಾನ ಬರ್ತೈತೆ ಅಂದ್ರು ಇವ್ರು. ಅದೂ ಸರಿ. ಎರಡೂ ಮಕ್ಳು ಹೋಗಿಬರ್ಲಿ, ಏನಂತೀಯಾ?"

ಬಾಯಲ್ಲಿದ್ದ ಎಲೆಅಡಿಕೆ ಕಹಿಯಾಯಿತು. ರಾಜನನ್ನು ಮಣೆಯ ನಡುವೆ ಇಟ್ಟ ಮನುಷ್ಯ, ನಡೆಗಳನ್ನು ಎತ್ತಿನ ಹಲ್ಲು ಎಣಿಸಿದ ಹಾಗೆ ಎಣಿಸಿ ಮಾರಿಬಂದಿದ್ದರು.

"ಅಣ್ಣಾ, ಇದು ಶೇಂಗಾ ಅಲ್ರಿ" ಎಂದೆ. "ಬಳ್ಳಾರಿ ಹುಡುಗಿ ಕಥೆ ಏನು? ನಿಮ್ಮನೆ ತುಪ್ಪ ಉಂಡವಳೆ."

"ಉಂಡವಳೆ. ನಾಳೆನೂ ಉಣ್ತಾಳೆ. ನಾನೇನು ತಟ್ಟೆ ಕಿತ್ಕೊಂಡ್ನಾ?" ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಲೇ, ನಿನ್ನಕ್ಕನ ಮಗಳಿಗೆ ಸೀಟು ಗಟ್ಟಿ ಮಾಡಿ ಬಂದಿದೀನಿ. ಸೋದರಮಾವ ಅನ್ನಿಸ್ಕೊಂಡೋನು ಖುಷಿ ಪಡೋದು ಬಿಟ್ಟು ಮುಖ ಕಿವುಚ್ತೀಯಲ್ಲ."

ಎಣ್ಣೆ ವ್ಯಾಪಾರಿ ನನ್ನತ್ತ ನೋಡಿ, "ಮೊಳಕಾಲ್ಮೂರೋರು ಸ್ವಲ್ಪ ಸೂಕ್ಷ್ಮ, ರೇಷ್ಮೆ ಊರಲ್ವಾ" ಎಂದು ನಕ್ಕರು. ಆ ನಗು ಕೇಳಿ, ಕೊಚ್ಚೆಗೆ ಕಲ್ಲು ಹಾಕಿದರೆ ಮುಖಕ್ಕೆ ಸಿಡಿಯುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದುದು ನೆನಪಾಯಿತು. ಆದರೂ ಇನ್ನೊಂದು ಕಲ್ಲು ಹಾಕಿದೆ: ಹುಡುಗಿ ಒಪ್ಪುವುದಿಲ್ಲ ಎಂದೆ. "ನಮ್ಮನೆ ಹುಡುಗಿ ನನ್ ಮಾತು ಮೀರಲ್ಲ" ಎಂದರು ಸಾವ್ಕಾರ್ರು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಅವರು ಅವಳ ಪಕ್ಕ ಕೂತು ಹೇಳಿದರು. ಬಳ್ಳಾರಿಯವರಿಬ್ಬರೂ ದೇವಸ್ಥಾನಕ್ಕೆ ಹೋಗಿದ್ದರು, ಅಷ್ಟು ನಾಚಿಕೆಯಾದರೂ ಇತ್ತು. ಹುಡುಗಿ ಕೇಳಿಸಿಕೊಂಡಳು. ತಟ್ಟೆ ತೊಳೆಯಲು ಎದ್ದು ಹೋದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಮನೆಯಲ್ಲಿ ಹೆಣ್ಣುಮಕ್ಕಳು ಸುಮ್ಮನಿದ್ದರೆ ಒಪ್ಪಿದರು ಎಂದೇ ಲೆಕ್ಕ. ಮದುವೆಗಳೆಲ್ಲ ಹಾಗೆಯೇ ಗೊತ್ತಾಗಿದ್ದವು.

ಆಟ ಶುರುವಾಯಿತು. ನಾನು ಹಗ್ಗದಾಚೆ ನಿಂತಿದ್ದೆ. ಫ್ಯಾನುಗಳ ಗಾಳಿಗೆ ಅಡಿಗೆಮನೆಯ ಒಗ್ಗರಣೆ ವಾಸನೆ ಬರುತ್ತಿತ್ತು. ಎಣ್ಣೆ ವ್ಯಾಪಾರಿಯ ಮಗಳು ಪ್ರತಿ ನಡೆಗೂ ಬೆರಳು ಮಡಿಸುತ್ತಿದ್ದುದು ನನಗೆ ಕಾಣುತ್ತಿತ್ತು. ಪಾಪ, ಅವಳಪ್ಪ ಹೇಳಿಕೊಟ್ಟಿದ್ದ. ಎಣಿಕೆ ಮುಗಿಯುತ್ತಲೇ ತಲೆ ಎತ್ತಿ, "ಡ್ರಾ?" ಎಂದು ಕೈ ಚಾಚಿದಳು.

ನಮ್ಮ ಹುಡುಗಿ ಆ ಕೈಯನ್ನು ನೋಡಿದಳು. ತಲೆ ಅಡ್ಡ ಅಲ್ಲಾಡಿಸಿ, ಆನೆಯನ್ನು ಒಂದು ಮನೆ ಸರಿಸಿದಳು.

ಎದುರಿನ ಹುಡುಗಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ತಿರುಗಿ ಅಪ್ಪನನ್ನು ಹುಡುಕಿದಳು. ಅವಳು ಆಡಲು ಬಂದಿರಲಿಲ್ಲ, ಕೈ ಕುಲುಕಲು ಬಂದಿದ್ದಳು. ಆಡು ಎಂದರೆ ಎಲ್ಲಿಂದ ಆಡಿಯಾಳು? ಹನ್ನೆರಡು ಗಂಟೆಯ ಬಿಸಿಲು ಕಿಟಕಿಯಿಂದ ಮಣೆಯ ಮೇಲೆ ಬೀಳುವಷ್ಟರಲ್ಲಿ ಅವಳ ರಾಜ ಮೂಲೆಗೆ ಬಿದ್ದಿದ್ದ. ಅತ್ತುಕೊಂಡೇ ಸೋಲೊಪ್ಪಿ ಎದ್ದಳು. ಆಚೆ ಮೇಜಿನಲ್ಲಿ ಬಳ್ಳಾರಿ ಹುಡುಗಿಯೂ ಗೆದ್ದಳು. ನಮ್ಮ ಹುಡುಗಿ ಮೊದಲು, ಬಳ್ಳಾರಿ ಹುಡುಗಿ ಎರಡನೆಯವಳು, ಎಣ್ಣೆ ವ್ಯಾಪಾರಿಯ ಮಗಳು ಮೂರನೆಯವಳು. ಇಬ್ಬರೂ ತಬ್ಬಿಕೊಂಡು ಕುಣಿದರು. ಬಳ್ಳಾರಿ ಮೇಡಂ ನನ್ನ ಕೈ ಹಿಡಿದು, "ಏಮಿ ಆಟ ಅಣ್ಣಾ, ಏಮಿ ಆಟ!" ಎಂದರು. ಒಂದು ಗಳಿಗೆ ಎಲ್ಲ ಚೆನ್ನಾಗಿಯೇ ಇತ್ತು.

ಸಾವ್ಕಾರ್ರು ಮಂಟಪದಲ್ಲಿರಲಿಲ್ಲ. ಮನೆಗೆ ಹೋಗಿ ನೋಡಿದರೆ ಹಾಸಿಗೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. ಊಟ ಬೇಡ, ನೀರು ಬೇಡ. ಹಜಾರದಲ್ಲಿ ಎಣ್ಣೆ ವ್ಯಾಪಾರಿ ಕೂತು, "ನಾನೇನೂ ಕೇಳ್ತಿಲ್ಲಪ್ಪಾ. ಸಾವ್ಕಾರ್ರು ಮಾತು ಕೊಟ್ಟಿದ್ರು. ಮಂಡಿಲಿ ಜನ ಕೇಳ್ತಾರೆ, ನಾನೇನಂತ ಹೇಳ್ಲಿ?" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಕೇಳುತ್ತಿಲ್ಲ ಎನ್ನುತ್ತಲೇ ಎಷ್ಟು ಕೇಳಬಹುದು ಎಂಬುದನ್ನು ಅವರಿಂದ ಕಲಿಯಬೇಕು. ಸಾವ್ಕಾರ್ರ ತಮ್ಮ, ಅಂದರೆ ಹುಡುಗಿಯ ಅಪ್ಪ, ಅಣ್ಣನ ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಅಣ್ಣನೆದುರು ಕೂತದ್ದನ್ನು ನಾನು ಕಂಡಿಲ್ಲ.

ಸಂಜೆಗೆ ಸಾವ್ಕಾರ್ರು ಎದ್ದರು. ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಬಂದರು. ತೀರ್ಪುಗಾರರನ್ನು ಕರೆಸಿದರು. ಯಾರಿಗೂ ಬೈಯಲಿಲ್ಲ. ಬಹಳ ಗಂಭೀರವಾಗಿ, ದೊಡ್ಡ ತ್ಯಾಗ ಮಾಡುವವರ ದನಿಯಲ್ಲಿ ಹೇಳಿದರು: "ಸಾರ್, ನಮ್ ಹುಡುಗಿ ಹೋಗಲ್ಲ. ಅವಳ ಜಾಗಕ್ಕೆ ಮೂರನೆಯೋಳ್ನ ಕಳ್ಸಿ. ನಾನು ಕೊಟ್ಟ ಮಾತು, ಅದು ನಡೀಬೇಕು."

ಬಳ್ಳಾರಿ ಹುಡುಗಿಯ ಜಾಗ ಬಿಟ್ಟುಕೊಡಿ ಎಂದು ಅವರು ಕೇಳಲಿಲ್ಲ. ಬೇರೆಯವರ ಮಕ್ಕಳದ್ದು ಕಿತ್ತುಕೊಳ್ಳುವುದು ಪಾಪವಂತೆ. ತಮ್ಮ ಮನೆಯದ್ದನ್ನು ಕೊಡುವುದು ಧರ್ಮವಂತೆ. ಆ ಧರ್ಮಕ್ಕೆ ಕೊಡಲು ಅವರ ಕೈಯಲ್ಲಿದ್ದದ್ದು ಯಾರದು ಎಂದು ಒಂದು ಸಲವೂ ತಲೆಗೆ ಹೋಗಲಿಲ್ಲ.

ತೀರ್ಪುಗಾರರು ಒಳ್ಳೆಯವರು. "ಅದನ್ನ ನೀವು ಹೇಳಿದ್ರೆ ನಡೆಯಲ್ಲ ಸಾರ್. ಆಟಗಾರ್ತಿ ಹೇಳ್ಬೇಕು" ಎಂದರು. ಹುಡುಗಿಯನ್ನು ಕರೆದರು. "ಏನಮ್ಮಾ, ಹೋಗ್ತೀಯಾ?"

"ಹೋಗ್ತೀನಿ ಸರ್" ಎಂದಳು. ದನಿ ಸ್ಪಷ್ಟವಾಗಿತ್ತು.

ಅಕ್ಕ ಅಡಿಗೆಮನೆ ಬಾಗಿಲಿಗೆ ಬಂದು ನಿಂತಳು. ಎಣ್ಣೆ ವ್ಯಾಪಾರಿ ನಿಟ್ಟುಸಿರು ಬಿಟ್ಟರು. ನಾನು ಬಾಯಿ ಬಿಟ್ಟೆ. "ಅಣ್ಣಾ, ಗೆದ್ದೋಳು ಅವ್ಳು. ಮುಂದಿನ್ ವರ್ಷಕ್ಕೆ ವಯಸ್ಸು ದಾಟ್ತೈತೆ, ಇದೊಂದೇ ಸಲ ಐತೆ ಅವಳಿಗೆ. ನಿಮ್ ಮಾತು ನಿಮ್ದು, ಆಟ ಅವಳ್ದು."

"ನೀನು ಬೀಗ್ರು ಕಡೆಯೋನು, ಸುಮ್ನಿರು" ಎಂದು ಅಂದದ್ದು ಸಾವ್ಕಾರ್ರಲ್ಲ, ನನ್ನ ಭಾವ. ಇಷ್ಟು ವರ್ಷದಲ್ಲಿ ಅವನು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಆಗ ಸಾವ್ಕಾರ್ರು ನಾಲ್ಕು ಹೆಜ್ಜೆ ಮುಂದೆ ಬಂದು, ಅರವತ್ತು ದಾಟಿದ ಆ ದೇಹವನ್ನು ಬಗ್ಗಿಸಿ, ಹುಡುಗಿಯ ಕಾಲಿಗೆ ಕೈ ಹಾಕಿದರು. "ನನ್ ಮಾನ ಉಳ್ಸವ್ವಾ" ಎಂದರು.

ಹಿರಿಯರು ಕಿರಿಯರ ಕಾಲು ಮುಟ್ಟಿದರೆ ಆ ಕಿರಿಯರ ಆಯುಷ್ಯಕ್ಕೇ ಕುಂದು ಎಂದು ನಂಬಿದ ಮನೆ ಅದು. ಅಕ್ಕ "ಅಯ್ಯೋ ಶಿವನೇ" ಎಂದು ಕೂಗಿಬಿಟ್ಟಳು. ಹುಡುಗಿ ಬೆಂಕಿ ತುಳಿದವಳ ಹಾಗೆ ಹಿಂದಕ್ಕೆ ಜಿಗಿದಳು, ಬೆನ್ನು ಗೋಡೆಗೆ ಬಡಿಯಿತು. ಇನ್ನೂ ಬಗ್ಗಿಯೇ ಇದ್ದ ದೊಡ್ಡಪ್ಪನ ಬೋಳು ನೆತ್ತಿಯನ್ನು ನೋಡುತ್ತ ನಿಂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದೆವು. ಬಳ್ಳಾರಿ ಮೇಡಂ ಮಗಳ ಬಾಯಿಗೆ ತಮ್ಮ ಸೆರಗು ಒತ್ತಿ ಹಿಡಿದಿದ್ದರು.

"ಏಳ್ರಿ ದೊಡ್ಡಪ್ಪ" ಎಂದಳು ಹುಡುಗಿ. "ಆಯ್ತು. ಹೋಗಲ್ಲ. ಏಳ್ರಿ."

ನನಗೆ ಓಕರಿಕೆ ಬಂತು. ಕವಿಗಳ ಮಾತಲ್ಲ, ನಿಜಕ್ಕೂ ಬಂತು. ಹಿತ್ತಲಿಗೆ ಹೋಗಿ ಬಚ್ಚಲ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಒಳಗೆ ಆಗಲೇ ಸಮಾಧಾನದ ಮಾತು, ಕಾಫಿ ಲೋಟಗಳ ಸದ್ದು. ಎಣ್ಣೆ ವ್ಯಾಪಾರಿ, "ಸಾವ್ಕಾರ್ರು ಅಂದ್ರೆ ಸಾವ್ಕಾರ್ರು" ಎನ್ನುತ್ತಿದ್ದುದು ಕೇಳಿಸಿತು. ಸಾವ್ಕಾರ್ರು ಅತ್ತರು. ಪಶ್ಚಾತ್ತಾಪಕ್ಕಲ್ಲ, ಮಾತು ಉಳಿಯಿತಲ್ಲ ಎಂಬ ನೆಮ್ಮದಿಗೆ.

ಮರುದಿನ ಮಂಡಿಯಲ್ಲೆಲ್ಲ ಅದೇ ಸುದ್ದಿ. ಟೀ ಅಂಗಡಿಯಲ್ಲಿ ಒಬ್ಬ ನನ್ನ ಬೆನ್ನು ತಟ್ಟಿ, "ಎಂಥಾ ಮನೆಗೆ ಹೆಣ್ ಕೊಟ್ಟಿದೀರಪ್ಪಾ! ಮಗಳ ಭವಿಷ್ಯ ಬಿಟ್ರು, ಕೊಟ್ಟ ಮಾತು ಬಿಡ್ಲಿಲ್ಲ" ಎಂದ. ಇನ್ನೊಬ್ಬ, "ಇಂಥೋರಿಂದ್ಲೇ ಮಳೆ ಬೆಳೆ ಆಗೋದು" ಎಂದ. ಯಾವ ಮಾತು, ಯಾಕೆ ಕೊಟ್ಟದ್ದು ಎಂದು ಒಬ್ಬನೂ ಕೇಳಲಿಲ್ಲ. ಟವೆಲ್ ಕೆಳಗಿನದ್ದನ್ನು ಕೇಳಬಾರದು ಎಂಬುದೂ ಆ ಪದ್ಧತಿಯ ಭಾಗವೇ. ಕುಡಿದ ಟೀ ಅಲ್ಲೇ ಅರ್ಧಕ್ಕೆ ಇಟ್ಟು ಎದ್ದು ಬಂದೆ.

ಹುಡುಗಿ ನಮ್ಮೂರಿಗೆ ಬರುತ್ತೇನೆ ಎಂದಳು. ಬಳ್ಳಾರಿ ಬಸ್ಸಿಗೆ ನಾವೂ ಹತ್ತಿದೆವು, ಆ ತಾಯಿ ಮಗಳೂ ಹತ್ತಿದರು. ಹುಡುಗಿಯರು ಮುಂದಿನ ಸೀಟಿನಲ್ಲಿ ಜೊತೆಗೆ ಕೂತರು. ಸುಮಾರು ದೂರ ಹೋದ ಮೇಲೆ ಬಳ್ಳಾರಿ ಹುಡುಗಿ, "ನೀನಿಲ್ದೇ ನಾನ್ ಹೆಂಗೆ ಹೋಗ್ಲೇ?" ಎಂದಳು.

"ಬಸ್ಸಲ್ಲಿ ಹೋಗು" ಎಂದಳು ನಮ್ಮವಳು. ಇಬ್ಬರೂ ನಕ್ಕರು. ನಗು ಬೇಗ ನಿಂತಿತು. ಆಮೇಲೆ ನಮ್ಮವಳು ಮೆಲುದನಿಯಲ್ಲಿ, ಯಾವ ರಾಜ್ಯದ ಯಾವ ಹುಡುಗಿ ಯಾವ ರೀತಿ ಆಟ ಶುರು ಮಾಡುತ್ತಾಳೆ, ಯಾರಿಗೆ ಯಾವುದು ಬರುವುದಿಲ್ಲ ಎಂದು ತಾನು ಓದಿ ಇಟ್ಟುಕೊಂಡಿದ್ದನ್ನೆಲ್ಲ ಹೇಳತೊಡಗಿದಳು. ತಾನು ಹೋಗಬೇಕೆಂದು ವರ್ಷಗಟ್ಟಲೆ ಕೂಡಿಟ್ಟಿದ್ದು. ಅದನ್ನು ಕೇಳುತ್ತ ಕೂರಲಾಗದೆ ನಾನು ಹಿಂದಿನ ಸೀಟಿಗೆ ಹೋಗಿ ಕೂತೆ.

ನಮ್ಮೂರ ಕ್ರಾಸಿನಲ್ಲಿ ಇಳಿದು ಆಟೋ ಕಾಯುವಾಗ ಅವಳು ನನ್ನ ಮುಖ ನೋಡದೆ ಹೇಳಿದಳು.

"ಮಾವ, ಇನ್ಮೇಲೆ ನಾನು ಎಲ್ಲಿ ಆಡಿದ್ರೂ ಒಬ್ಳೇ ಹೋಗ್ತೀನಿ. ಮನೆಯೋರು ಯಾರೂ ಬರಬಾರ್ದು."

"ಸರಿ ಕಣವ್ವಾ. ನಾನು..."

"ನೀನೂನು."

ಅವಳು ಮುಂದೆ ಕಾಲೇಜಿನ ಪಂದ್ಯಗಳಿಗೆ, ಆಮೇಲೆ ದೊಡ್ಡವರ ಪಂದ್ಯಗಳಿಗೆ ಹೋದಳು. ಗೆದ್ದಳು, ಸೋತಳು. ಹೋಗುವ ಮುಂಚೆ ಯಾವ ಊರೆಂದು ಯಾರಿಗೂ ಹೇಳುತ್ತಿರಲಿಲ್ಲ, ಬಂದ ಮೇಲೆ ಹೇಳುತ್ತಿದ್ದಳು. ನಾನು ಟೀ ತರಿಸಿ ಕೇಳುತ್ತ ಕೂರುತ್ತಿದ್ದೆ.